ಬಿಡಿಭಾಗ ಹೆಚ್ಚಿಸಿದರೂ ನನ್ನ ಟ್ಯಾಂಕ್ ಆಟಿಕೆಯಂತೆ ಕಾಣುವುದೇಕೆ?

ಪ್ರಶ್ನೆ: ನಾನು ಎರಡನೆಯ ಮಹಾಯುದ್ಧದ ಸೋವಿಯತ್ ಟ್ಯಾಂಕ್ ಟಿ-34-85ರ 1/35 ಪ್ರಮಾಣದ ಪ್ಲಾಸ್ಟಿಕ್ ಕಿಟ್ ಕಟ್ಟುತ್ತಿದ್ದೇನೆ. ಇದು ನನ್ನ ಮೂರನೆಯ ಮಾದರಿ. ಹಿಂದಿನ ಎರಡೂ ಸಪ್ಪೆಯಾಗಿ ಕಂಡಿದ್ದರಿಂದ ಈ ಬಾರಿ 200ಕ್ಕೂ ಹೆಚ್ಚು ತುಣುಕುಗಳಿರುವ ಹಿತ್ತಾಳೆಯ ಫೋಟೋ-ಎಚ್ ತಗಡು (ರಾಸಾಯನಿಕದಿಂದ ಕೊರೆದ ಸಣ್ಣ ಬಿಡಿಭಾಗಗಳ ತೆಳು ಹಾಳೆ) ತರಿಸಿ, ಮೂರು ತಿಂಗಳು ಕುಳಿತು ಬಹುಪಾಲನ್ನು ಅಂಟಿಸಿದೆ. ಕಿಟ್‌ನ ಟರೆಟ್ (ಫಿರಂಗಿಯಿರುವ, ತಿರುಗುವ ಮೇಲ್ಭಾಗ) ಒರಟಾಗಿತ್ತು, ಅದನ್ನು ಸ್ಯಾಂಡ್‌ಪೇಪರ್‌ನಿಂದ ತಿಕ್ಕಿ ನುಣುಪು ಮಾಡಿದೆ. ಅಕ್ರಿಲಿಕ್ ಹಸಿರು ಬಣ್ಣ ಹೊಡೆದು, ಮೇಲೆ ತುಕ್ಕಿನ ಬಣ್ಣದ ಎನಾಮೆಲ್ ವಾಶ್ (ನೀರಾಗಿ ತೆಳುಗೊಳಿಸಿದ ಬಣ್ಣ) ಅನ್ನು ಧಾರಾಳವಾಗಿ ಹರಿಸಿದೆ. ಮರುದಿನ ನೋಡಿದರೆ ಚಕ್ರ ಹಿಡಿಯುವ ಎರಡು ತೋಳುಗಳು ಬಿರುಕು ಬಿಟ್ಟು ಮುರಿದಿದ್ದವು. ಹಿತ್ತಾಳೆಯ ಹಿಡಿಕೆಗಳು ಚಪ್ಪಟೆಯಾಗಿ ಕಾಣುತ್ತವೆ, ಮುಟ್ಟಿದರೆ ಉದುರುತ್ತವೆ. ಇಷ್ಟು ಮಾಡಿಯೂ ಒಟ್ಟು ನೋಟ ಆಟಿಕೆಯದ್ದೇ. ಲೋಹದ ನಳಿಗೆ, ರೆಸಿನ್ ಟರೆಟ್, ಥ್ರೀ-ಡಿ ಮುದ್ರಿತ ಟ್ರ್ಯಾಕ್ (ಚಕ್ರಗಳನ್ನು ಸುತ್ತುವ ಕೊಂಡಿಗಳ ಪಟ್ಟಿ) ಹಾಕಿದರೆ ಸರಿಹೋಗುತ್ತದೆ ಎಂದು ಸ್ನೇಹಿತರೊಬ್ಬರು ಹೇಳುತ್ತಾರೆ. ಇನ್ನಷ್ಟು ಸೇರಿಸಲೇ ಅಥವಾ ಇದನ್ನು ಬಿಟ್ಟು ಹೊಸದನ್ನು ಶುರುಮಾಡಲೇ?

ಉತ್ತರ: ನೀವು ಕಳಿಸಿದ ಚಿತ್ರಗಳನ್ನು ದೊಡ್ಡದು ಮಾಡಿ ನೋಡಿದೆ. ಕೈಕೆಲಸದಲ್ಲಿ ಹೇಳಿಕೊಳ್ಳುವಂಥ ದೋಷವಿಲ್ಲ. ಹಿಂಬದಿಯ ಜಾಲರಿಯನ್ನು ಕೂರಿಸಿರುವ ರೀತಿ ಮೂರನೆಯ ಮಾದರಿಯವರ ಕೆಲಸದಂತೆ ಕಾಣುವುದೇ ಇಲ್ಲ. ನಿಮ್ಮನ್ನು ಕಾಡುತ್ತಿರುವುದು ಒಂದೇ ತೊಂದರೆಯಲ್ಲ, ಒಂದರೊಳಗೊಂದು ಸಿಕ್ಕಿಕೊಂಡ ನಾಲ್ಕು: ಕೆಲವು ಭಾಗಗಳ ದಪ್ಪ ತಪ್ಪಾಗಿದೆ, ಕೆಲವಕ್ಕೆ ಆರಿಸಿದ ವಸ್ತು ತಪ್ಪಾಗಿದೆ, ಎರಕದ ಲೋಹದಂತೆ ಕಾಣಬೇಕಾದ ಮೇಲ್ಮೈ ಅಳಿಸಿಹೋಗಿದೆ, ಕೊನೆಯಲ್ಲಿ ಹರಿಸಿದ ವಾಶ್ ಬಣ್ಣವನ್ನೂ ಪ್ಲಾಸ್ಟಿಕ್ಕನ್ನೂ ಒಟ್ಟಿಗೆ ಕೆಡಿಸಿದೆ. ಇವುಗಳಲ್ಲಿ ಒಂದೂ ಬಿಡಿಭಾಗಗಳ ಕೊರತೆಯಿಂದ ಹುಟ್ಟಿದ್ದಲ್ಲ. ಆದ್ದರಿಂದ ಇನ್ನಷ್ಟು ಸೇರಿಸಿದರೆ ಸರಿಹೋಗುತ್ತದೆ ಎಂಬ ಸಲಹೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ಬಿಡಿಭಾಗಗಳ ಸಂಖ್ಯೆ ಹೆಚ್ಚಾದಂತೆ ನೈಜತೆ ಹೆಚ್ಚುತ್ತದೆ ಎಂಬುದು ಈ ಹವ್ಯಾಸದ ಅತಿ ದುಬಾರಿ ನಂಬಿಕೆ. ನೋಡುವವರ ಕಣ್ಣು ಬೋಲ್ಟುಗಳನ್ನು ಎಣಿಸುವುದಿಲ್ಲ, ಒಂದು ಅಂಚಿನ ದಪ್ಪವನ್ನು ಪಕ್ಕದ ಅಂಚಿನ ದಪ್ಪದೊಂದಿಗೆ ಹೋಲಿಸುತ್ತದೆ. 35ರಿಂದ ಭಾಗಿಸಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಟಿ-34ರ ಮುಂಭಾಗದ ಓರೆ ಕವಚ 45 ಮಿ.ಮೀ. ದಪ್ಪ, ಅಂದರೆ ಮಾದರಿಯಲ್ಲಿ ಸುಮಾರು 1.3 ಮಿ.ಮೀ. ಟರೆಟ್‌ನ ಮುಂಭಾಗ 90 ಮಿ.ಮೀ., ಅಂದರೆ ಸುಮಾರು 2.6 ಮಿ.ಮೀ. ಕಿಟ್‌ನ ಪ್ಲಾಸ್ಟಿಕ್ ಇಂಥ ದಪ್ಪಗಳಿಗೆ ಹೇಳಿ ಮಾಡಿಸಿದಂತಿದೆ. ಆದರೆ ಟ್ರ್ಯಾಕಿನ ಮೇಲಿನ ಫೆಂಡರ್ ಕೆಲವೇ ಮಿಲಿಮೀಟರ್ ದಪ್ಪದ ಮಾಮೂಲಿ ತಗಡು, ಮಾದರಿಯಲ್ಲಿ ಅದು 0.1 ಮಿ.ಮೀ. ಆಸುಪಾಸಿನಲ್ಲಿರಬೇಕು. ಕಿಟ್‌ನಲ್ಲಿ ಅದು 1 ಮಿ.ಮೀ. ದಪ್ಪವಿದ್ದರೆ ನಿಜದ ಲೆಕ್ಕದಲ್ಲಿ 35 ಮಿ.ಮೀ. ಆಯಿತು. ಗುದ್ದಿದರೆ ನೆಗ್ಗಬೇಕಾದ ತಗಡು ಗುಂಡು ತಡೆಯುವ ಕವಚಕ್ಕೆ ಸರಿಸಾಟಿಯಾಗಿ ನಿಂತಾಗ, ನೋಡುವವರಿಗೆ ಕಾರಣ ಗೊತ್ತಾಗದಿದ್ದರೂ ಇದು ಆಟಿಕೆ ಎಂಬ ಭಾವನೆ ಬಂದೇ ಬರುತ್ತದೆ. ನಿಮ್ಮ ಮಾದರಿಯಲ್ಲಿ ಆಗಿರುವುದೂ ಇದೇ: ಫೆಂಡರ್ ಮೇಲೆ ಕೂದಲೆಳೆಯಷ್ಟು ತೆಳುವಾದ ಹಿತ್ತಾಳೆಯ ಪಟ್ಟಿಗಳಿವೆ, ಅವುಗಳ ಪಕ್ಕದಲ್ಲೇ ಫೆಂಡರಿನ ದಪ್ಪ ಅಂಚು ಕಾಣುತ್ತಿದೆ. ಪಟ್ಟಿ ತೆಳುವಾದಷ್ಟೂ ಅಂಚು ಇನ್ನೂ ದಪ್ಪವಾಗಿ ತೋರುತ್ತದೆ.

(1/35 ಎಂಬ ಈ ವಿಚಿತ್ರ ಪ್ರಮಾಣ ಯಾವ ಎಂಜಿನಿಯರಿಂಗ್ ನಕ್ಷೆಯಿಂದಲೂ ಬಂದದ್ದಲ್ಲ. 1960ರ ದಶಕದ ಆರಂಭದಲ್ಲಿ ಜಪಾನಿನ ತಾಮಿಯಾ ಕಂಪನಿಯು ಪ್ಯಾಂಥರ್ ಟ್ಯಾಂಕಿನ ಕಿಟ್ ಮಾಡುವಾಗ ಒಳಗೆ ಮೋಟಾರು ಮತ್ತು ಬ್ಯಾಟರಿಗಳು ಹಿಡಿಸುವಂತೆ ಅಳತೆ ಇಟ್ಟುಕೊಂಡಿತು, ಅದೇ ನಿಂತುಹೋಯಿತು. ಭಾಗಾಕಾರ ಮಾಡುವಾಗಲೆಲ್ಲ ಆ ಬ್ಯಾಟರಿಗಳನ್ನು ನಾನು ಬೈದುಕೊಳ್ಳುವುದುಂಟು.)

ಫೆಂಡರಿಗೆ ಪರಿಹಾರ ಹಿತ್ತಾಳೆಯೇ ಆಗಬೇಕೆಂದಿಲ್ಲ. ಫೆಂಡರನ್ನು ಮಗುಚಿ ಹಿಡಿದು, ಹೊರ ಅಂಚಿನಿಂದ ಒಳಕ್ಕೆ ಮೂರು ನಾಲ್ಕು ಮಿಲಿಮೀಟರ್ ಅಗಲಕ್ಕೆ, ಬಾಗಿದ ಅಲಗಿನ ಚಾಕುವಿನಿಂದ ಕೆಳಮೈಯನ್ನು ಓರೆಯಾಗಿ ಕೆರೆಯುತ್ತ ಬನ್ನಿ. ಅಂಚು 0.2 ಮಿ.ಮೀ. ಸಮೀಪಕ್ಕೆ ಬಂದಾಗ ಬೆಳಕಿಗೆ ಹಿಡಿದರೆ ಪ್ಲಾಸ್ಟಿಕ್ ಅರೆಪಾರದರ್ಶಕವಾಗಿ ಕಾಣುತ್ತದೆ, ಅಲ್ಲಿಗೆ ನಿಲ್ಲಿಸಿ. ಒಳಭಾಗ ದಪ್ಪವಾಗಿಯೇ ಉಳಿಯುವುದರಿಂದ ಬಲ ಕಡಿಮೆಯಾಗುವುದಿಲ್ಲ, ಕಣ್ಣಿಗೆ ಬೀಳುವುದು ತೆಳು ಅಂಚು ಮಾತ್ರ. ಬೆಸುಗೆ ಹಾಕಿ ಸಂಪೂರ್ಣ ಹಿತ್ತಾಳೆಯ ಫೆಂಡರ್ ಕಟ್ಟುವುದು ಇನ್ನೊಂದು ದಾರಿ. ನೆಗ್ಗಿದ, ಹರಿದ ಫೆಂಡರ್ ಬೇಕಿದ್ದರೆ ಅದಕ್ಕೆ ಸಮನಾದದ್ದು ಇಲ್ಲ. ಆದರೆ ಎರಡೂ ಬದಿ ಸಮವಾಗಿ ಕೂರದಿದ್ದರೆ ಇಡೀ ಹಲ್ (ಟ್ಯಾಂಕಿನ ಒಡಲು) ಸೊಟ್ಟಗೆ ಕಾಣುತ್ತದೆ. ಮೂರನೆಯ ಮಾದರಿಗೆ ಅದನ್ನು ನಾನು ಹೇಳಲಾರೆ.

ಈಗ ಹಿತ್ತಾಳೆಯ ವಿಷಯ. ಫೋಟೋ-ಎಚ್ ತಗಡು ಸಾಮಾನ್ಯವಾಗಿ 0.1ರಿಂದ 0.2 ಮಿ.ಮೀ. ದಪ್ಪವಿರುತ್ತದೆ, ನಿಜದ ಲೆಕ್ಕದಲ್ಲಿ 3.5ರಿಂದ 7 ಮಿ.ಮೀ. ಅಸಲು ವಾಹನದಲ್ಲಿ ತಗಡಿನಿಂದ ಮಾಡಿದ ಭಾಗಗಳಿಗೆ, ಅಂದರೆ ಎಂಜಿನ್ ಮೇಲಿನ ಜಾಲರಿ, ಫೆಂಡರ್ ಆನಿಕೆಗಳು, ಇಂಧನ ಪೀಪಾಯಿಗಳನ್ನು ಬಿಗಿಯುವ ಪಟ್ಟಿಗಳು, ಸಲಕರಣೆ ಪೆಟ್ಟಿಗೆಯ ಕೊಂಡಿಗಳು, ಇಂಥವಕ್ಕೆ ಇದಕ್ಕಿಂತ ಒಳ್ಳೆಯ ವಸ್ತುವಿಲ್ಲ. ಆದರೆ ತಗಡನ್ನು ಎಷ್ಟೇ ಸೂಕ್ಷ್ಮವಾಗಿ ಕೊರೆದರೂ ಅದು ಚಪ್ಪಟೆಯೇ. ಅಸಲಿನಲ್ಲಿ ದುಂಡಗಿರುವ ಸಲಾಕೆ, ಹಗ್ಗ, ಸನಿಕೆಯ ಹಿಡಿ, ಕೊಳವೆ ಇವುಗಳನ್ನು ತಗಡಿನಿಂದ ಮಾಡಿದರೆ ಕಿಟ್‌ನ ಪ್ಲಾಸ್ಟಿಕ್ಕಿಗಿಂತಲೂ ಕೆಟ್ಟದಾಗಿ ಕಾಣುತ್ತವೆ. ತಯಾರಕರು ತಗಡಿನಲ್ಲಿ ಜಾಗ ಉಳಿದಾಗ ಏನನ್ನಾದರೂ ತುಂಬಿಸುತ್ತಾರೆ. ಕೊಟ್ಟದ್ದನ್ನೆಲ್ಲ ಅಂಟಿಸಲೇಬೇಕೆಂಬ ಕಟ್ಟುಪಾಡಿಲ್ಲ. ನಾನು ಇಂಥ ತಗಡಿನಿಂದ ಅರ್ಧಕ್ಕಿಂತ ಹೆಚ್ಚು ತುಣುಕುಗಳನ್ನು ಬಳಸಿದ್ದು ಅಪರೂಪ.

ನಿಮ್ಮ ಟ್ಯಾಂಕಿನಲ್ಲಿ ಇದರ ಪರಿಣಾಮ ಜೋರಾಗಿ ಕಾಣುವುದು ಹಿಡಿಕೆಗಳಲ್ಲಿ. ಟಿ-34-85ರ ಟರೆಟ್ ಮತ್ತು ಹಲ್ ಬದಿಗಳಲ್ಲಿ ದುಂಡು ಸಲಾಕೆಯ ಹಿಡಿಕೆಗಳಿರುವುದು ಅಲಂಕಾರಕ್ಕಲ್ಲ, ಟ್ಯಾಂಕಿನ ಮೇಲೆ ಕುಳಿತು ಯುದ್ಧಕ್ಕೆ ಸಾಗುತ್ತಿದ್ದ ಪದಾತಿಗಳು ಹಿಡಿದುಕೊಳ್ಳಲೆಂದು. ಸಲಾಕೆ 20 ಮಿ.ಮೀ. ಎಂದಿಟ್ಟುಕೊಂಡರೆ ಮಾದರಿಯಲ್ಲಿ 0.57 ಮಿ.ಮೀ., ಆದ್ದರಿಂದ 0.5 ಅಥವಾ 0.6 ಮಿ.ಮೀ. ತಂತಿ ಸಾಕು. ಈಗಿರುವ ಹಿತ್ತಾಳೆಯ ಹಿಡಿಕೆಗಳನ್ನು ಚಾಕುವಿನ ತುದಿಯಿಂದ ಎಬ್ಬಿಸಿ ತೆಗೆಯಿರಿ. ಅವು ಹೇಗೂ ಉದುರುತ್ತಿವೆ. ಒಂದು ತಾಮ್ರದ ತಂತಿಯನ್ನು ನಯವಾದ ಗಟ್ಟಿ ಮೇಲ್ಮೈಯ ಮೇಲಿಟ್ಟು ಉಕ್ಕಿನ ಅಳತೆಪಟ್ಟಿಯನ್ನು ಒತ್ತಿ ಹೊರಳಿಸಿದರೆ ನೆಟ್ಟಗಾಗುತ್ತದೆ. ಹಲ್ಲಿಲ್ಲದ ನಯ ಇಕ್ಕಳದಲ್ಲಿ ಹಿಡಿದು ಬಗ್ಗಿಸಿ, ಆದರೆ ಮೂಲೆಯನ್ನು ಚೂಪು ಲಂಬಕೋನ ಮಾಡಬೇಡಿ. ಅಸಲು ಸಲಾಕೆ ಬಾಗುವಾಗ ದುಂಡಾಗಿಯೇ ತಿರುಗಿರುತ್ತದೆ. ಕೈಯಿಂದ ತಿರುಗಿಸುವ ಡ್ರಿಲ್‌ನಲ್ಲಿ 0.6 ಮಿ.ಮೀ. ತೂತು ಕೊರೆದು ಕಾಲುಗಳನ್ನು ಒಳಕ್ಕೆ ತೂರಿಸಿ. ಎಲ್ಲ ಹಿಡಿಕೆಗಳೂ ಗೋಡೆಯಿಂದ ಒಂದೇ ದೂರದಲ್ಲಿರಲು ಅಡಿಯಲ್ಲಿ ಒಂದು ರಟ್ಟಿನ ತುಂಡನ್ನು ಸಿಕ್ಕಿಸಿಟ್ಟು, ಸೂಪರ್ ಗ್ಲೂವನ್ನು ಟರೆಟ್‌ನ ಒಳಗಿನಿಂದ ಹಾಕಿ. ಹೊರಗೆ ಅಂಟಿನ ಕಲೆಯೂ ಇರುವುದಿಲ್ಲ, ಎಳೆದರೂ ಬರುವುದಿಲ್ಲ. ಇವೆಲ್ಲ ಆದ ಮೇಲೆ ಒಂದೇ ಒಂದು ಹಿಡಿಕೆಯನ್ನು ನಡುವೆ ಸ್ವಲ್ಪ ಒಳಕ್ಕೆ ಒತ್ತಿ. ಎಲ್ಲವನ್ನೂ ಒತ್ತಬೇಡಿ, ಒತ್ತಿದರೆ ಅದು ಅಪಘಾತದಂತೆ ಕಾಣದೆ ಉದ್ದೇಶಪೂರ್ವಕವಾಗಿ ಕಾಣುತ್ತದೆ.

ಉಳಿದ ಹಿತ್ತಾಳೆ ತುಣುಕುಗಳು ಉದುರದಂತೆ ಮಾಡುವುದು ಹೇಗೆಂದು ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಸೂಪರ್ ಗ್ಲೂ ಎಳೆತವನ್ನು ಚೆನ್ನಾಗಿ ತಾಳುತ್ತದೆ, ಪಕ್ಕದಿಂದ ತಾಗುವ ಏಟನ್ನೂ ಸುಲಿದೇಳುವ ಬಲವನ್ನೂ ತಾಳುವುದಿಲ್ಲ. ಒಣಗಿದ ಮೇಲೆ ಅದು ಗಾಜಿನಂತೆ ಪೆಡಸು. ಬೆರಳಿನ ಜಿಡ್ಡು ಮೆತ್ತಿದ ಹಿತ್ತಾಳೆಗೆ ಅದು ಸರಿಯಾಗಿ ಹತ್ತುವುದೂ ಇಲ್ಲ. ತಗಡನ್ನು ಕತ್ತರಿಸುವ ಮೊದಲೇ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಅಂಟು ಬೀಳುವ ಮುಖವನ್ನು ಸಣ್ಣ ಸ್ಯಾಂಡ್‌ಪೇಪರ್‌ನಿಂದ ಒಮ್ಮೆ ಎಳೆಯಿರಿ. ಬಾಗಿಸಬೇಕಾದ ತುಣುಕನ್ನು ಮೊದಲು ಜ್ವಾಲೆಯಲ್ಲಿ ಕ್ಷಣಕಾಲ ಕಾಯಿಸಿ ತಣಿಯಲು ಬಿಟ್ಟರೆ ಹಿತ್ತಾಳೆ ಮೆದುವಾಗಿ, ಕೊಟ್ಟ ಆಕಾರದಲ್ಲೇ ನಿಲ್ಲುತ್ತದೆ. ಹೆಚ್ಚು ಕಾಯಿಸಿದರೆ ತೆಳು ತುಣುಕು ಕಣ್ಣೆದುರೇ ಕರಗಿ ಮುದ್ದೆಯಾಗುತ್ತದೆ. ತಗಡಿನಿಂದ ತುಣುಕು ಕತ್ತರಿಸುವಾಗ ಕನ್ನಡಕ ಹಾಕಿಕೊಳ್ಳಿ, ಹಾರಿದ ಚೂರು ಹೋಗುವ ದಿಕ್ಕನ್ನು ಯಾರೂ ಹೇಳಲಾರರು.

ನಿಮ್ಮ ಮಾದರಿಗೆ ಎಲ್ಲಕ್ಕಿಂತ ದೊಡ್ಡ ನಷ್ಟವಾದದ್ದು ಟರೆಟ್ಟನ್ನು ನುಣುಪು ಮಾಡಿದ್ದರಿಂದ. ಕಿಟ್ ತಯಾರಕರು ಆ ಒರಟುತನವನ್ನು ಬೇಕೆಂದೇ ಇಟ್ಟಿದ್ದರು. ಟಿ-34-85ರ ಟರೆಟ್ ಎರಕ ಹೊಯ್ದದ್ದು, ಛಾವಣಿಯ ತಟ್ಟೆಯನ್ನು ಆಮೇಲೆ ಮೇಲಿಟ್ಟು ಬೆಸೆಯುತ್ತಿದ್ದರು. ಮರಳಿನ ಅಚ್ಚಿನಲ್ಲಿ ಹೊಯ್ದ ಉಕ್ಕು ಮರಳಿನ ಹರಳುಗಳ ಗುರುತನ್ನು ಹೊತ್ತುಕೊಂಡೇ ಹೊರಬರುತ್ತದೆ. ಅಚ್ಚಿನ ಎರಡು ಹೋಳುಗಳು ಕೂಡಿದ ಕಡೆ ಒಂದು ಏಣು ಏಳುತ್ತದೆ. 1944ರಲ್ಲಿ ಈ ಟ್ಯಾಂಕುಗಳನ್ನು ಹೊರತರುತ್ತಿದ್ದ ಸೋವಿಯತ್ ಕಾರ್ಖಾನೆಗಳಿಗೆ ಆ ಏಣನ್ನು ಉಜ್ಜಿ ಅಂದಗೊಳಿಸುವ ಪುರುಸೊತ್ತಿರಲಿಲ್ಲ. ಗುಂಡು ತಡೆಯುವುದಕ್ಕೆ ನುಣುಪು ಬೇಕಿಲ್ಲವಲ್ಲ. ಮಾದರಿ ಕಟ್ಟುವವರಿಗೆ ಮೊದಲ ದಿನದಿಂದಲೂ ಜೋಡಣೆಯ ಗೆರೆಗಳನ್ನು ತಿಕ್ಕಿ ತೆಗೆಯಬೇಕೆಂದು ಕಲಿಸುತ್ತೇವೆ, ಅದೇ ಕೈ ಇಲ್ಲಿ ತಪ್ಪು ಮಾಡಿಸುತ್ತದೆ. ನಾನೂ ಮಾಡಿದ್ದೇನೆ. ಬಹಳ ಹಿಂದೆ ಪ್ರದರ್ಶನಕ್ಕೆಂದು ಒಪ್ಪಿಕೊಂಡ ಕೆಲಸವೊಂದರಲ್ಲಿ ಟರೆಟ್‌ನ ಗೆರೆಯನ್ನು ಮೂರು ದಿನ ಕುಳಿತು ಗುರುತೂ ಉಳಿಯದಂತೆ ಉಜ್ಜಿದೆ. ಅದು ಅಸಲು ಟ್ಯಾಂಕಿನಲ್ಲೇ ಇದ್ದ ಅಚ್ಚಿನ ಏಣು ಎಂಬುದು ನನಗೆ ತಿಳಿದದ್ದು ಮಾದರಿ ಗಾಜಿನ ಪೆಟ್ಟಿಗೆ ಸೇರಿದ ಮೇಲೆ.

ಅದೃಷ್ಟವಶಾತ್ ಇದನ್ನು ಮರಳಿ ತರಬಹುದು. ಟರೆಟ್ಟಿನಿಂದ ಅಕ್ರಿಲಿಕ್ ಬಣ್ಣವನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ತೆಗೆಯಿರಿ, ಬಣ್ಣದ ಮೇಲೆಯೇ ಮುಂದಿನ ಕೆಲಸ ಮಾಡಿದರೆ ಅದು ಸುಕ್ಕುಗಟ್ಟುತ್ತದೆ. ಮಿಸ್ಟರ್ ಸರ್ಫೇಸರ್ 500ರಂಥ ದಪ್ಪ ಪ್ರೈಮರನ್ನು ಸ್ವಲ್ಪ ಸುರಿದುಕೊಂಡು, ಕೂದಲು ಮೊಟಕಾದ ಹಳೆಯ ಬ್ರಷ್ಷಿನಿಂದ ಕುಟ್ಟಿದಂತೆ ಹಚ್ಚಿ. ಎಳೆಯಬೇಡಿ, ಲಂಬವಾಗಿ ಕುಟ್ಟಿ. ಒಂದು ಸಲಕ್ಕೆ ಬೆರಳುಗುರಿನಷ್ಟು ಜಾಗ ಮಾತ್ರ ತೆಗೆದುಕೊಳ್ಳಿ, ಏಕೆಂದರೆ ಅರೆ ನಿಮಿಷದಲ್ಲಿ ಅದು ಅಂಟಂಟಾಗುತ್ತದೆ, ಮುಳ್ಳುಗಳು ಏಳುವುದು ಆ ಹೊತ್ತಿನಲ್ಲೇ. ಒಂದು ದಿನ ಒಣಗಿಸಿ, ಸಣ್ಣ ಸ್ಯಾಂಡ್‌ಪೇಪರ್‌ನಿಂದ ತುದಿಗಳನ್ನಷ್ಟೇ ಸವರಿದರೆ ಮುಳ್ಳುಗಳು ಕುಗ್ಗಿ ತಗ್ಗುಗಳು ಉಳಿಯುತ್ತವೆ. ಇಲ್ಲಿಯೂ 35ರ ಲೆಕ್ಕ ಮರೆಯಬೇಡಿ: 0.1 ಮಿ.ಮೀ. ಉಬ್ಬು ಎಂದರೆ ನಿಜದಲ್ಲಿ 3.5 ಮಿ.ಮೀ., ಅಷ್ಟು ಸಾಕು. ಅದನ್ನು ದಾಟಿದರೆ ಟರೆಟ್ ಎರಕದಂತಲ್ಲ, ಹಲಸಿನ ಸಿಪ್ಪೆಯಂತೆ ಕಾಣುತ್ತದೆ. ಛಾವಣಿಯ ತಟ್ಟೆ, ಹಲ್‌ನ ಬದಿಗಳು ಉರುಳೆಯಲ್ಲಿ ಒತ್ತಿ ತೆಗೆದ ಉಕ್ಕಿನ ತಟ್ಟೆಗಳು, ಅವುಗಳ ಮೇಲೆ ಈ ಕುಟ್ಟುವ ಕೆಲಸ ಬೇಡ. ಒರಟು ಎರಕದ ಪಕ್ಕದಲ್ಲೇ ನಯವಾದ ತಟ್ಟೆ ಕಂಡಾಗ ಎರಡೂ ಉಕ್ಕೆಂದು ನಂಬಿಕೆ ಬರುತ್ತದೆ.

ಛಾವಣಿಯ ಸುತ್ತಲಿನ ಬೆಸುಗೆಗೆ ಕಿಟ್‌ನ ಚೌಕಟ್ಟನ್ನೇ (ಬಿಡಿಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಕಡ್ಡಿ) ಕಾಯಿಸಿ ಎಳೆದ ಎಳೆ ಸಾಕು. ಸುಮಾರು 0.5 ಮಿ.ಮೀ. ಎಳೆಯನ್ನು ಜೋಡಣೆಯ ಮೂಲೆಯಲ್ಲಿ ಮಲಗಿಸಿ, ತೆಳು ಪ್ಲಾಸ್ಟಿಕ್ ಅಂಟನ್ನು ಎರಡು ಮೂರು ಬಾರಿ ಸವರಿ ಮೆದುವಾಗಲು ಬಿಡಿ. ಉಗುರಿನ ಗುರುತು ಬೀಳುವಷ್ಟು ಮೆದುವಾದಾಗ ಬಾಗಿದ ಅಲಗಿನಿಂದ ಒತ್ತೊತ್ತಾಗಿ ಒತ್ತುತ್ತ ಹೋಗಿ. ಯಂತ್ರ ಮಾಡಿದಂತೆ ಒಂದೇ ಸಮನಾದ ಸಾಲು ಬಂದರೆ ಅದೇ ಅನುಮಾನಕ್ಕೆ ಕಾರಣ. ಬೆಸುಗೆಗಾರ ಅಲ್ಲಲ್ಲಿ ನಿಲ್ಲಿಸಿ ಮತ್ತೆ ಶುರುಮಾಡಿರುತ್ತಾನೆ, ಅಲ್ಲಿ ಗೆರೆ ಒಂದಿಷ್ಟು ಉಬ್ಬಿರುತ್ತದೆ.

ಆಧಾರ ಚಿತ್ರಗಳ ಬಗ್ಗೆ ಒಂದು ಎಚ್ಚರಿಕೆ ಇಲ್ಲಿ ಅಗತ್ಯ. ಈಗ ಬಣ್ಣದ ಚಿತ್ರಗಳಲ್ಲಿ ಸಿಗುವ ಟಿ-34-85ಗಳಲ್ಲಿ ಎಷ್ಟೋ ಯುದ್ಧಕಾಲದವಲ್ಲ. 1950ರ ದಶಕದಲ್ಲಿ ಪೋಲೆಂಡ್ ಮತ್ತು ಚೆಕೊಸ್ಲೊವಾಕಿಯಾ ದೇಶಗಳು ಇದನ್ನು ಪರವಾನಗಿ ಪಡೆದು ತಯಾರಿಸಿದವು, ಅವುಗಳ ಕೆಲಸ ಹೆಚ್ಚು ಅಚ್ಚುಕಟ್ಟು. ಆಮೇಲಿನ ದುರಸ್ತಿಗಳಲ್ಲಿ ಚಕ್ರಗಳು, ದೀಪಗಳು, ಪೆಟ್ಟಿಗೆಗಳು ಬದಲಾದವು. ನೀವು 1945ರ ವಾಹನ ಕಟ್ಟುತ್ತ ಇಂಥ ಚಿತ್ರ ನೋಡಿ ವಿವರ ಸೇರಿಸಿದರೆ, ಪ್ರತಿಯೊಂದು ವಿವರವೂ ಸರಿಯಿದ್ದು ಒಟ್ಟು ಟ್ಯಾಂಕ್ ತಪ್ಪಾಗುತ್ತದೆ. ಹಾಗೆಯೇ ದಶಕಗಟ್ಟಲೆ ಬಯಲಲ್ಲಿ ಮಳೆಗೆ ನಿಂತ ಸ್ಮಾರಕದ ತುಕ್ಕು ಯುದ್ಧಭೂಮಿಯ ತುಕ್ಕಲ್ಲ.

ನಿಮ್ಮ ವಾಶ್ ಹುಟ್ಟಿದ್ದೂ ಬಹುಶಃ ಅಂಥ ಚಿತ್ರಗಳಿಂದಲೇ. ಯುದ್ಧಕಾಲದ ಟಿ-34ರ ಆಯುಸ್ಸನ್ನು ಲೆಕ್ಕ ಹಾಕುತ್ತಿದ್ದುದು ತಿಂಗಳುಗಳಲ್ಲಿ. ದಪ್ಪ ಕವಚದ ಉಕ್ಕು ಅಷ್ಟರೊಳಗೆ ಮೈತುಂಬ ಕಿತ್ತಳೆ ಬಣ್ಣಕ್ಕೆ ತಿರುಗುವುದಿಲ್ಲ. 4ಬಿಒ ಎಂಬ ಆ ಹಸಿರು ಬಣ್ಣ ಸವೆದ ಕಡೆ ಮೊದಲು ಕಾಣುವುದು ಕೆಳಗಿನ ಕೆಂಗಂದು ಪ್ರೈಮರ್, ಬೂಟು ತುಳಿದು ತುಳಿದು ತಿಕ್ಕಿದ ಕಡೆ ಮಾತ್ರ ಕಪ್ಪಗೆ ಮಿನುಗುವ ಉಕ್ಕು. ನಿಜವಾದ ತುಕ್ಕು ಸಲ್ಲುವುದು ತೆಳು ತಗಡಿಗೆ, ಕಾದು ತಣಿಯುವ ಹೊಗೆ ಕೊಳವೆಗೆ. ಟಿ-34ರ ವಿ-2 ಡೀಸೆಲ್ ಎಂಜಿನ್ನಿನ ಎರಡು ಹೊಗೆ ಕೊಳವೆಗಳು ಹಿಂಬದಿಯ ಓರೆ ತಟ್ಟೆಯಿಂದ ಹೊರಬರುತ್ತವೆ, ಅಲ್ಲಿ ತುಕ್ಕೂ ಇರಲಿ, ಒಣ ಮಸಿಯೂ ಇರಲಿ. ಬದಿಯ ಉರುಟು ಇಂಧನ ಪೀಪಾಯಿಗಳು ಎಂಜಿನ್ನಿಗೆ ನೇರವಾಗಿ ಸೇರಿರಲಿಲ್ಲ, ಅವುಗಳಿಂದ ಡೀಸೆಲನ್ನು ಕೈಯಿಂದಲೇ ಒಳಗಿನ ಟ್ಯಾಂಕಿಗೆ ಸುರಿಯಬೇಕಿತ್ತು. ಹಾಗಾಗಿ ಮುಚ್ಚಳದ ಸುತ್ತ ಚೆಲ್ಲಿದ ಎಣ್ಣೆಯ ಕಪ್ಪು ಹೊಳಪು ಸಹಜ. ಇಂಥ ಒಂದು ಕಾರಣ ಗೊತ್ತಿದ್ದರೆ ಹತ್ತು ಕಲೆಗಳ ಬದಲು ಒಂದೇ ಕಲೆ ಸಾಕಾಗುತ್ತದೆ.

ಟ್ರ್ಯಾಕಿನ ವಿಷಯಕ್ಕೆ ನಾನು ಸ್ವಲ್ಪ ಹೆಚ್ಚು ಜಾಗ ತೆಗೆದುಕೊಳ್ಳುತ್ತೇನೆ, ಏಕೆಂದರೆ ಟಿ-34ರ ಸ್ವಭಾವವೆಲ್ಲ ಅಲ್ಲಿದೆ. ಈ ಟ್ಯಾಂಕಿಗೆ ಟ್ರ್ಯಾಕನ್ನು ಮೇಲೆತ್ತಿ ಹಿಡಿಯುವ ಸಣ್ಣ ಉರುಳೆಗಳಿಲ್ಲ. ಮೇಲಿನ ಸಾಲು ದೊಡ್ಡ ಚಕ್ರಗಳ ನೆತ್ತಿಯ ಮೇಲೆಯೇ ಮಲಗಿ, ಚಕ್ರ ಚಕ್ರಗಳ ನಡುವೆ ಜೋಲುತ್ತದೆ. ನಿಮ್ಮ ಮಾದರಿಯ ಟ್ರ್ಯಾಕ್ ಹೊಲಿಗೆ ಯಂತ್ರದ ಬೆಲ್ಟಿನಂತೆ ಬಿಗಿದು ನಿಂತಿದೆ, ಆಟಿಕೆಯ ಭಾವನೆಗೆ ಇದರ ಕೊಡುಗೆ ಎಲ್ಲ ಹಿತ್ತಾಳೆ ತುಣುಕುಗಳಿಗಿಂತ ದೊಡ್ಡದು. ಟ್ರ್ಯಾಕಿನ ಅಗಲ 500 ಮಿ.ಮೀ., ಕೊಂಡಿಗಳು ಒಂದು ಬಿಟ್ಟು ಒಂದಕ್ಕೆ ನಡುವೆ ಕೊಂಬಿರುವಂಥವು. ಹಿಂಬದಿಯ ಚಾಲಕ ಚಕ್ರಕ್ಕೆ ಹಲ್ಲುಗಳಿಲ್ಲ, ಎರಡು ಬಿಲ್ಲೆಗಳ ನಡುವೆ ಉರುಳೆಗಳಿದ್ದು ಅವು ಈ ಕೊಂಬುಗಳನ್ನು ಹಿಡಿದು ಎಳೆಯುತ್ತವೆ. ಆದ್ದರಿಂದ ಲೋಹದ ಹೊಳಪು ಬರಬೇಕಾದದ್ದು ಕೊಂಬುಗಳ ಎದುರು ಮುಖಗಳ ಮೇಲೆ ಮತ್ತು ನೆಲಕ್ಕೆ ತಾಗುವ ಏಣುಗಳ ಮೇಲೆ. ರಬ್ಬರ್ ಪಟ್ಟಿಯ ಚಕ್ರ ಉರುಳುವ ಒಳಸಾಲು ಹೊಳೆಯುವುದಿಲ್ಲ, ಕಪ್ಪಾಗಿ ನಯವಾಗಿರುತ್ತದೆ. ಎಲ್ಲ ಕಡೆ ಬೆಳ್ಳಿ ಬಣ್ಣವನ್ನು ಒಣ ಬ್ರಷ್ಷಿನಿಂದ ಉಜ್ಜಿದರೆ ಈ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ: ಕೊಂಡಿಗಳನ್ನು ಸೇರಿಸುವ ಕಡ್ಡಿಗಳಿಗೆ ಒಳಬದಿಯಲ್ಲಿ ತಲೆಯಿದೆ, ಹೊರಬದಿಯಲ್ಲಿ ಬಿಗಿತವೇ ಇಲ್ಲ. ಓಡುವಾಗ ಅವು ಒಳಕ್ಕೆ ಜಾರುತ್ತ ಬರುತ್ತವೆ. ಚಾಲಕ ಚಕ್ರದ ಬಳಿ ಹಲ್‌ಗೆ ಬೆಸೆದಿರುವ ಓರೆಯಾದ ಒಂದು ತಟ್ಟೆ ಹಾದುಹೋಗುವ ಪ್ರತಿಯೊಂದು ಕಡ್ಡಿಯ ತಲೆಗೂ ತಾಗಿ ಅದನ್ನು ಸ್ವಸ್ಥಾನಕ್ಕೆ ತಳ್ಳುತ್ತದೆ. ಆ ತಟ್ಟೆಯ ಮೇಲೆ ಬಣ್ಣ ಉಳಿಯಲು ಸಾಧ್ಯವೇ ಇಲ್ಲ.

ಕಿಟ್‌ನ ಮೆತ್ತನೆಯ ವಿನೈಲ್ ಟ್ರ್ಯಾಕನ್ನೇ ಇಟ್ಟುಕೊಳ್ಳುವುದಾದರೆ, ಸೂಪರ್ ಗ್ಲೂನಿಂದ ಅದನ್ನು ಚಕ್ರಗಳ ನೆತ್ತಿಗೆ ಅಂಟಿಸಿ, ಹಲ್ ಮತ್ತು ಟ್ರ್ಯಾಕ್ ನಡುವೆ ಕಾಗದದ ಉಂಡೆ ತುರುಕಿ, ಅಂಟು ಒಣಗುವ ತನಕ ಜೋಲುವಂತೆ ಹಿಡಿದಿಡಬಹುದು. ಅಪಾಯವೆಂದರೆ, ಕೆಲವು ವಿನೈಲ್‌ಗಳಿಂದ ಮೆದುಗೊಳಿಸುವ ರಸಾಯನ ನಿಧಾನವಾಗಿ ಒಸರಿ, ವರ್ಷಗಳ ನಂತರ ತಾಗಿಕೊಂಡಿರುವ ಪಾಲಿಸ್ಟೈರೀನ್ (ಕಿಟ್‌ನ ಪ್ಲಾಸ್ಟಿಕ್) ಚಕ್ರಗಳನ್ನು ಕರಗಿಸುತ್ತದೆ. ಚಕ್ರಗಳಿಗೆ ಬಣ್ಣ ಮತ್ತು ವಾರ್ನಿಶ್ ತಪ್ಪದೆ ಬಿದ್ದಿರಲಿ. ಬಿಡಿ ಕೊಂಡಿಗಳ ಟ್ರ್ಯಾಕ್ ಹಾಕಿದರೆ ಜೋಲು ತಾನಾಗಿಯೇ ಬರುತ್ತದೆ. ಸ್ನೇಹಿತರು ಹೇಳಿದ ಮೂರರಲ್ಲಿ ನಾನು ಒಪ್ಪುವುದು ಇದೊಂದನ್ನೇ. ಥ್ರೀ-ಡಿ ಮುದ್ರಿತ ಕೊಂಡಿಗಳು ಸೂಕ್ಷ್ಮವಾಗಿರುತ್ತವೆ, ಆದರೆ ಪೆಡಸು. ಆನಿಕೆಗಳಿಂದ ಕತ್ತರಿಸುವಾಗ ಸಿಡಿದು ಕಳೆಯುವುದಕ್ಕೆಂದೇ ಹತ್ತಾರು ಹೆಚ್ಚುವರಿ ಇಟ್ಟುಕೊಳ್ಳಬೇಕು. ನೀವೇ ಮುದ್ರಿಸುವುದಾದರೆ ಗಟ್ಟಿಯಾಗದ ರೆಸಿನ್ ಚರ್ಮಕ್ಕೆ ತಾಗದಂತೆ ನೈಟ್ರೈಲ್ ಕೈಗವಸು ಹಾಕಿಕೊಳ್ಳಿ. ಯಾವುದೇ ರೆಸಿನ್ ಭಾಗವನ್ನು ಉಜ್ಜುವಾಗ ನೀರು ಹಾಕಿ ಉಜ್ಜಿ, ಮುಖಗವಸು ಧರಿಸಿ, ಆ ಹುಡಿ ಶ್ವಾಸಕೋಶಕ್ಕೆ ಹೋಗಬೇಕಾದದ್ದಲ್ಲ.

ಲೋಹದ ನಳಿಗೆ ಈ ಟ್ಯಾಂಕಿಗೆ ಅನಿವಾರ್ಯವಲ್ಲ. ಅದರ ಲಾಭವೆಲ್ಲ ಪರಿಪೂರ್ಣ ದುಂಡುತನದಲ್ಲಿದೆ. ಎರಡು ಹೋಳಿನ ಪ್ಲಾಸ್ಟಿಕ್ ನಳಿಗೆಯನ್ನು ಉಜ್ಜಿದಾಗ ಅಂಡಾಕಾರವಾಗಿದ್ದರೆ ಮಾತ್ರ ಕೊಳ್ಳಿ. ನಿಮ್ಮದು ಒಂದೇ ತುಂಡಿನದು, ಬಾಯಿ ಕೊರೆದರೆ ಸಾಕು. 85 ಮಿ.ಮೀ. ಫಿರಂಗಿಯ ರಂಧ್ರ ಮಾದರಿಯಲ್ಲಿ 2.4 ಮಿ.ಮೀ. ರೆಸಿನ್ ಟರೆಟ್ಟಂತೂ ಬೇಡವೇ ಬೇಡ, ಮೇಲೆ ಹೇಳಿದ ಕುಟ್ಟುವ ಕೆಲಸ ಅದನ್ನೇ ಕೊಡುತ್ತದೆ.

ಇನ್ನು ಮುರಿದ ತೋಳುಗಳು. ಪ್ಲಾಸ್ಟಿಕ್ ಕಳಪೆಯೆಂದು ನಿಮಗೆ ಅನಿಸಬಹುದು, ಕಾರಣ ಅದಲ್ಲ. ಪಾಲಿಸ್ಟೈರೀನ್ ಸೆಳೆತದಲ್ಲಿದ್ದಾಗ, ಅಂದರೆ ಬಿಗಿಯಾಗಿ ತುರುಕಿದ ಚಕ್ರದ ಅಚ್ಚು (ಆಕ್ಸಲ್), ಬಲವಂತವಾಗಿ ಬಗ್ಗಿಸಿ ಅಂಟಿಸಿದ ಭಾಗ, ಎಳೆದು ಹಾಕಿದ ಟ್ರ್ಯಾಕ್ ಹೀಗೆ ಒಳಗೊಂದು ಬಲ ಕೆಲಸ ಮಾಡುತ್ತಿದ್ದಾಗ, ಎನಾಮೆಲ್ ತಿನ್ನರ್ ಸೇರಿದರೆ ಅಣುಗಳ ಹಿಡಿತ ಸಡಿಲವಾಗಿ ಬಿರುಕು ಓಡುತ್ತದೆ. ಸೆಳೆತವಿಲ್ಲದ ಚಪ್ಪಟೆ ಹಲ್ ಮೇಲೆ ಅದೇ ತಿನ್ನರ್ ಏನೂ ಮಾಡುವುದಿಲ್ಲ. ನಿಮ್ಮಲ್ಲಿ ಬಿಗಿದ ಟ್ರ್ಯಾಕ್ ತೋಳುಗಳನ್ನು ಎಳೆಯುತ್ತಿತ್ತು, ಒಳಬದಿಯಲ್ಲಿ ಬಣ್ಣ ಬೀಳದ ಪ್ಲಾಸ್ಟಿಕ್ ಬರಿದಾಗಿತ್ತು, ಧಾರಾಳವಾಗಿ ಹರಿಸಿದ ವಾಶ್ ಅಲ್ಲಿ ಮಡುಗಟ್ಟಿ ಗಂಟೆಗಟ್ಟಲೆ ನಿಂತಿತು. ಮುಂದೆ ವಾಶ್‌ಗೆ ಮೊದಲು ವಾರ್ನಿಶ್ ಹೊಡೆದು ಪೂರ್ತಿ ಒಣಗಿಸಿ. ಸಣ್ಣ ಬ್ರಷ್ಷಿನ ತುದಿಯಿಂದ ಬೋಲ್ಟಿನ ಬುಡಕ್ಕೆ, ಬೆಸುಗೆಯ ಪಕ್ಕಕ್ಕೆ ಮಾತ್ರ ಮುಟ್ಟಿಸಿ, ಹೆಚ್ಚಾದದ್ದನ್ನು ಒಣ ಬ್ರಷ್ಷಿನಿಂದ ಹೀರಿ ತೆಗೆಯಿರಿ. ಬಣ್ಣವೂ ತುಕ್ಕಿನದ್ದಾಗದೆ ಗಾಢ ಕಂದು ಮತ್ತು ಕಪ್ಪಿನ ಮಿಶ್ರಣವಾಗಿರಲಿ. ಅದು ನೆರಳಿನ ಕೆಲಸ ಮಾಡಬೇಕು, ಕೊಳೆಯ ಕೆಲಸವನ್ನಲ್ಲ. ಎಣ್ಣೆಬಣ್ಣವನ್ನು ವಾಸನೆ ಕಡಿಮೆಯಿರುವ ವೈಟ್ ಸ್ಪಿರಿಟ್‌ನಲ್ಲಿ ಕರಗಿಸಿ ಬಳಸಿದರೆ ತಿದ್ದಲು ಹೆಚ್ಚು ಸಮಯ ಸಿಗುತ್ತದೆ, ಆದರೆ ಮಡುಗಟ್ಟಿದರೆ ಅಪಾಯ ಅಲ್ಲಿಯೂ ಇದೆ. ಕಿಟಕಿ ತೆರೆದಿರಲಿ.

ಆದ್ದರಿಂದ ಹೊಸ ಕಿಟ್ ಬೇಡ, ಇದೇ ಉಳಿಯುತ್ತದೆ. ಟ್ರ್ಯಾಕ್ ಬಿಚ್ಚಿ ತೋಳುಗಳ ಮೇಲಿನ ಎಳೆತ ತೆಗೆಯುವುದು ಮೊದಲ ಕೆಲಸ. ಮುರಿದ ಎರಡೂ ತುದಿಗಳಲ್ಲಿ 0.5 ಮಿ.ಮೀ. ತೂತು ಕೊರೆದು, ಹಿತ್ತಾಳೆ ತಂತಿಯ ಮೊಳೆ ಇಟ್ಟು, ಸೂಪರ್ ಗ್ಲೂ ಹಾಕಿ ಕೂಡಿಸಿ. ಬರೀ ಅಂಟಿನಿಂದ ಕೂಡಿಸಿದರೆ ಟ್ರ್ಯಾಕ್ ಹಾಕುವ ದಿನ ಮತ್ತೆ ಅಲ್ಲೇ ಮುರಿಯುತ್ತದೆ. ಹಿಡಿಕೆಗಳಿಗೆ ತೂತು ಕೊರೆದು ತಂತಿ ಕೂಡಿಸಿ, ಹುಡಿ ತೊಳೆದ ಮೇಲೆ ಟರೆಟ್ ಮೇಲೆ ಕುಟ್ಟುವ ಕೆಲಸ, ಆನಂತರ ಬೆಸುಗೆಯ ಗೆರೆಗಳು, ಅದರ ಹಿಂದೆಯೇ ಫೆಂಡರ್ ಅಂಚು ಕೆರೆಯುವುದು. ಹಲ್ ಮೇಲಿನ ತುಕ್ಕು ಬಣ್ಣವನ್ನು ತೆಗೆಯಲು ಹೋಗಬೇಡಿ. ವಾರ್ನಿಶ್ ಹೊಡೆದು ಮುಚ್ಚಿ, ಅದರ ಮೇಲೆ ಏರ್‌ಬ್ರಷ್‌ನಿಂದ ತೆಳುವಾಗಿ ಹಸಿರು ಹಾಯಿಸಿದರೆ ಕೆಳಗಿನ ಕೆಂಪು ಅಲ್ಲಲ್ಲಿ ಮಸುಕಾಗಿ ಕಂಡು, ಹಸಿರಿಗೆ ಒಂದೇ ಡಬ್ಬಿಯ ಬಣ್ಣದಿಂದ ಬಾರದ ಆಳ ಬರುತ್ತದೆ. ದಪ್ಪಗೆ ಮಾತ್ರ ಹೊಡೆಯಬೇಡಿ, ಪ್ರೈಮರ್, ಬಣ್ಣ, ವಾರ್ನಿಶ್ ಎಲ್ಲ ಸೇರಿ 0.1 ಮಿ.ಮೀ. ದಾಟಿದರೆ ಬೋಲ್ಟಿನ ತಲೆಗಳ ಮೂಲೆಗಳು ಮುಚ್ಚಿಹೋಗುತ್ತವೆ. ಟ್ರ್ಯಾಕ್ ಕೊನೆಗೆ. ಅದನ್ನು ಹಾಕುವ ಮೊದಲು, ಚಾಲಕ ಚಕ್ರದ ಬಳಿಯ ಆ ಓರೆ ತಟ್ಟೆಯನ್ನು ಕಿಟ್‌ನಲ್ಲಿ ಹುಡುಕಿ. ಇಲ್ಲದಿದ್ದರೆ ಪ್ಲಾಸ್ಟಿಕ್ ಹಾಳೆಯ ತುಂಡೊಂದನ್ನು ಕತ್ತರಿಸಿ ಅಂಟಿಸಿ ಬಣ್ಣ ಕೊಡಿ, ಒಣಗಿದ ಮೇಲೆ ಮೆತ್ತನೆಯ ಪೆನ್ಸಿಲಿನ ಸೀಸದಿಂದ ಅದರ ಮುಂಚಾಚಿದ ಅಂಚನ್ನು, ಕಡ್ಡಿಗಳ ತಲೆ ತಾಗುವ ಎತ್ತರದಲ್ಲಿ, ಕಣ್ಣಿಗೆ ಹೊಳಪು ಕಾಣುವ ತನಕ ಉಜ್ಜಿ.